ಹೊಗೆಯಿಲ್ಲದ ಬಂಡಿ, ಕಣ್ಣುಳ್ಳ ಯಂತ್ರ: ನಗರವಾಸಿಯ ಆರೋಗ್ಯಕ್ಕೆ ಎಷ್ಟು ಹಿತ?

ಉದ್ಯೋಗವನ್ನರಸಿ ಊರು ಬಿಟ್ಟು ಮಹಾನಗರವನ್ನು ಸೇರಿದ ಕನ್ನಡಿಗನಿಗೆ ನಗರವು ಅನ್ನದ ಜೊತೆಗೆ ಬೇಡದ ಎರಡು ವಸ್ತುಗಳನ್ನೂ ಕೊಟ್ಟಿದೆ. ಒಂದು ಹೊಗೆ, ಇನ್ನೊಂದು ಸಮಯದ ಅಭಾವ. ಮೊದಲನೆಯದು ಶ್ವಾಸಕೋಶವನ್ನು ಕೆಡಿಸಿದರೆ, ಎರಡನೆಯದು ರೋಗವು ಮೈಯಲ್ಲಿ ಬೇರೂರುವ ತನಕ ವೈದ್ಯರ ಬಾಗಿಲಿಗೆ ಹೋಗಗೊಡುವುದಿಲ್ಲ. ಮುಂಬಯಿಯ ಲೋಕಲ್ ರೈಲಿನಲ್ಲಿ ನಿಂತು ಪ್ರಯಾಣಿಸುವವನಾಗಲಿ, ದೆಹಲಿಯ ಚಳಿಗಾಲದ ಮಂಜುಹೊಗೆಯಲ್ಲಿ ಮಕ್ಕಳನ್ನು ಶಾಲೆಗೆ ಕಳುಹಿಸುವ ತಾಯಿಯಾಗಲಿ ಇದನ್ನು ಬಲ್ಲರು.

ಈ ಎರಡು ಪೀಡೆಗಳಿಗೆ ಪರಿಹಾರವಾಗಿ ಎರಡು ಸಾಧನಗಳು ಈಚೆಗೆ ದಿನಬಳಕೆಗೆ ಬಂದಿವೆ. ಹೊಗೆಯನ್ನು ಕಡಿಮೆ ಮಾಡುವೆನೆಂದು ವಿದ್ಯುತ್ ವಾಹನವು ಹೇಳುತ್ತದೆ. ತಜ್ಞರ ಸಮಯವನ್ನು ಉಳಿಸಿ ರೋಗವನ್ನು ಬೇಗ ಗುರುತಿಸುವೆನೆಂದು ಕೃತಕ ಬುದ್ಧಿಮತ್ತೆ ಹೇಳುತ್ತದೆ. ಇವುಗಳನ್ನು ಹೊಗಳುವವರೂ ಇದ್ದಾರೆ, ಕಂಡು ಬೆದರುವವರೂ ಇದ್ದಾರೆ. ಆದರೆ ಸಾಮಾನ್ಯ ಗೃಹಸ್ಥನಿಗೆ ಬೇಕಾದುದು ಹೊಗಳಿಕೆಯೂ ಅಲ್ಲ, ಭಯವೂ ಅಲ್ಲ. ಈ ಯಂತ್ರಗಳು ತನ್ನ ಮತ್ತು ತನ್ನ ಮನೆಯವರ ದೇಹಕ್ಕೆ ಎಷ್ಟರ ಮಟ್ಟಿಗೆ ಹಿತವನ್ನುಂಟುಮಾಡಬಲ್ಲವು, ಎಲ್ಲಿ ಅವುಗಳ ಕೆಲಸ ಮುಗಿದು ಮನುಷ್ಯನ ಕೆಲಸ ಆರಂಭವಾಗುತ್ತದೆ ಎಂಬ ತಿಳಿವಳಿಕೆ ಅವನಿಗೆ ಅವಶ್ಯಕ.

ಹಳೆಯ ಬಂಡಿಯ ಹೊಸ ಜನ್ಮ

ವಿದ್ಯುತ್ತಿನಿಂದ ಓಡುವ ವಾಹನವು ಈ ಶತಮಾನದ ಸೃಷ್ಟಿಯೇನೂ ಅಲ್ಲ. 1895ರಲ್ಲಿಯೇ ಮದರಾಸಿನ ಬೀದಿಗಳಲ್ಲಿ ವಿದ್ಯುತ್ ಟ್ರಾಮು ಓಡಿತು. ಮುಂಬಯಿಗೆ ಅದು ಬಂದುದು 1907ರಲ್ಲಿ. 1925ರ ಫೆಬ್ರವರಿ 3ರಂದು ಅಂದಿನ ವಿಕ್ಟೋರಿಯಾ ಟರ್ಮಿನಸ್‌ನಿಂದ ಕುರ್ಲಾದವರೆಗೆ ದೇಶದ ಮೊದಲ ವಿದ್ಯುತ್ ರೈಲು ಸಂಚರಿಸಿತು. ಮೈಸೂರು ಸಂಸ್ಥಾನವಂತೂ ಇದಕ್ಕೂ ಮೊದಲೇ ಹೆಸರು ಮಾಡಿತ್ತು. 1902ರಲ್ಲಿ ಶಿವನಸಮುದ್ರದ ಜಲಪಾತದಿಂದ ಉತ್ಪತ್ತಿಯಾದ ವಿದ್ಯುತ್ತು ಸುಮಾರು ನೂರೈವತ್ತು ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಯನ್ನು ತಲುಪಿತ್ತು. 1905ರಲ್ಲಿ ಬೆಂಗಳೂರಿನ ಬೀದಿದೀಪಗಳು ಅದೇ ವಿದ್ಯುತ್ತಿನಿಂದ ಬೆಳಗಿದವು.

ಅಮೆರಿಕದಲ್ಲಿ 1900ರ ಸುಮಾರಿಗೆ ಉಗಿಯ ಕಾರು, ಪೆಟ್ರೋಲಿನ ಕಾರು, ಬ್ಯಾಟರಿಯ ಕಾರು ಮೂರೂ ಒಂದೇ ರಸ್ತೆಯಲ್ಲಿ ಓಡುತ್ತಿದ್ದವು. ಪೆಟ್ರೋಲ್ ಕಾರನ್ನು ಚಾಲೂ ಮಾಡಲು ಮುಂಭಾಗದಲ್ಲಿ ಕೈಹಿಡಿಯನ್ನು ಬಲವಾಗಿ ತಿರುಗಿಸಬೇಕಾಗಿತ್ತು. ಅದು ಹಿಂದಕ್ಕೆ ಹೊಡೆದು ಕೈಮುರಿದುಕೊಂಡವರೂ ಇದ್ದರು. 1912ರಲ್ಲಿ ತಾನಾಗಿ ಚಾಲೂ ಆಗುವ ವ್ಯವಸ್ಥೆ ಬಂದುದೇ ತಡ, ಪೆಟ್ರೋಲ್ ಕಾರು ಮುಂದಾಯಿತು. ತೈಲವು ಅಗ್ಗವಾಗಿ ದೊರೆತುದರಿಂದಲೂ, ಅಂದಿನ ಸೀಸದ ಬ್ಯಾಟರಿಯು ಬಹಳ ಭಾರವಾಗಿದ್ದುದರಿಂದಲೂ ವಿದ್ಯುತ್ ಕಾರು ಮೂಲೆ ಸೇರಿತು.

ಅದನ್ನು ಮತ್ತೆ ಮೂಲೆಯಿಂದ ಹೊರತಂದುದು ಲಿಥಿಯಂ ಅಯಾನ್ ಬ್ಯಾಟರಿ. 1991ರಲ್ಲಿ ಮಾರುಕಟ್ಟೆಗೆ ಬಂದ ಈ ಬ್ಯಾಟರಿಯು ಅಷ್ಟೇ ತೂಕದ ಸೀಸದ ಬ್ಯಾಟರಿಗಿಂತ ಹಲವು ಪಟ್ಟು ಶಕ್ತಿಯನ್ನು ಸಂಗ್ರಹಿಸಬಲ್ಲದು. ಇದರ ಅಭಿವೃದ್ಧಿಗಾಗಿ ಗುಡೆನಫ್, ವಿಟಿಂಗ್‌ಹ್ಯಾಂ, ಯೋಶಿನೊ ಎಂಬ ಮೂವರು ವಿಜ್ಞಾನಿಗಳಿಗೆ 2019ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕವು ಸಂದಿತು. ಭಾರತದಲ್ಲಿ ವಿದ್ಯುತ್ ಕಾರು ಜನರ ಕಣ್ಣಿಗೆ ಬಿದ್ದುದು ಬೆಂಗಳೂರಿನಲ್ಲಿ. ಚೇತನ್ ಮೈನಿಯವರು ರೂಪಿಸಿದ ‘ರೇವಾ’ ಎಂಬ ಪುಟ್ಟ ಕಾರು 2001ರಲ್ಲಿ ಅಲ್ಲಿಂದಲೇ ಹೊರಬಂದಿತು. ಮುಂದೆ ಲಂಡನ್ನಿನ ಬೀದಿಗಳಲ್ಲಿಯೂ ಓಡಾಡಿತು. 2017ರಲ್ಲಿ ವಿದ್ಯುತ್ ವಾಹನಗಳಿಗೆಂದೇ ಪ್ರತ್ಯೇಕ ನೀತಿಯನ್ನು ಪ್ರಕಟಿಸಿದ ಮೊದಲ ರಾಜ್ಯ ಕರ್ನಾಟಕ.

ಇಂದು ಈ ಬದಲಾವಣೆಯನ್ನು ನೋಡಲು ಕಾರು ಕೊಳ್ಳುವಷ್ಟು ಹಣವಿರಬೇಕೆಂದಿಲ್ಲ. ಪುಣೆ ಮತ್ತು ಹೈದರಾಬಾದಿನ ಸಾರ್ವಜನಿಕ ಸಾರಿಗೆಯಲ್ಲಿ 2019ರಿಂದ ವಿದ್ಯುತ್ ಬಸ್ಸುಗಳು ಓಡುತ್ತಿವೆ. ಬೆಂಗಳೂರಿಗೆ ಅವು 2021ರಲ್ಲಿ, ಚೆನ್ನೈಗೆ 2025ರಲ್ಲಿ ಬಂದವು. ಮುಂಬಯಿಯವರು ಪ್ರೀತಿಸಿದ ಡೀಸೆಲ್ ಡಬಲ್ ಡೆಕ್ಕರ್ ಬಸ್ಸು 2023ರ ಸೆಪ್ಟೆಂಬರಿನಲ್ಲಿ ನಿವೃತ್ತವಾಯಿತು. ಅದೇ ವರ್ಷ ಅದರ ಸ್ಥಾನಕ್ಕೆ ವಿದ್ಯುತ್ತಿನ ಡಬಲ್ ಡೆಕ್ಕರ್ ಬಂದಿತು. ಹಸಿರು ಫಲಕದ ಮೇಲೆ ಸಂಖ್ಯೆ ಬರೆದ ಸ್ಕೂಟರುಗಳು ಪ್ರತಿಯೊಂದು ಸೊಸೈಟಿಯ ಅಂಗಳದಲ್ಲಿಯೂ ಕಾಣಿಸುತ್ತಿವೆ.

ಹೊಗೆ ಮತ್ತು ಶ್ವಾಸಕೋಶ

ಇಂಜಿನ್ನಿನಲ್ಲಿ ಡೀಸೆಲ್ ಅಥವಾ ಪೆಟ್ರೋಲ್ ಉರಿದಾಗ ಹೊರಬರುವ ಹೊಗೆಯಲ್ಲಿ ಕಣ್ಣಿಗೆ ಕಾಣುವ ಮಸಿಗಿಂತ ಕಾಣದಿರುವುದೇ ಹೆಚ್ಚು ಅಪಾಯಕಾರಿ. ಎರಡೂವರೆ ಮೈಕ್ರೋಮೀಟರಿಗಿಂತ ಸಣ್ಣದಾದ ಕಣಗಳನ್ನು ‘ಪಿ.ಎಂ. 2.5’ ಎಂದು ಕರೆಯುತ್ತಾರೆ. ಇವು ತಲೆಗೂದಲಿನ ದಪ್ಪದ ಸುಮಾರು ಮೂವತ್ತರಲ್ಲಿ ಒಂದು ಪಾಲಿನಷ್ಟಿರುತ್ತವೆ. ಮೂಗಿನ ಕೂದಲಾಗಲಿ, ಗಂಟಲಿನ ಲೋಳೆಯಾಗಲಿ ಇವನ್ನು ತಡೆಯಲಾರವು. ಶ್ವಾಸಕೋಶದ ತೀರ ಒಳಗಿನ ಗಾಳಿಚೀಲಗಳನ್ನು ತಲುಪುವ ಈ ಕಣಗಳಲ್ಲಿ ಅತಿ ಸೂಕ್ಷ್ಮವಾದವು ರಕ್ತಕ್ಕೂ ಸೇರುತ್ತವೆ. ಆದ್ದರಿಂದಲೇ ಇವುಗಳಿಂದ ಆಸ್ತಮಾ, ದೀರ್ಘಕಾಲದ ಶ್ವಾಸರೋಗ ಇತ್ಯಾದಿಗಳಲ್ಲದೆ ಹೃದಯಾಘಾತ ಮತ್ತು ಪಾರ್ಶ್ವವಾಯುವಿನ ಸಂಭವವೂ ಹೆಚ್ಚುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2012ರಲ್ಲಿ ಡೀಸೆಲ್ ಹೊಗೆಯನ್ನೂ, 2013ರಲ್ಲಿ ಹೊರಾಂಗಣದ ವಾಯುಮಾಲಿನ್ಯವನ್ನೂ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು.

ಒಂದು ಘನ ಮೀಟರ್ ಗಾಳಿಯಲ್ಲಿ ಇಂತಹ ಕಣಗಳ ವಾರ್ಷಿಕ ಸರಾಸರಿ 5 ಮೈಕ್ರೋಗ್ರಾಮಿಗಿಂತ ಹೆಚ್ಚಿರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಸೂಚಿಸಿತು. ಭಾರತವು 2009ರಲ್ಲಿ ನಿಗದಿಪಡಿಸಿಕೊಂಡ ಮಿತಿ 40 ಮೈಕ್ರೋಗ್ರಾಂ. ದೆಹಲಿಯ ಗಾಳಿ ಈ ಸಡಿಲವಾದ ಮಿತಿಯನ್ನೂ ಮೀರಿ ಎಷ್ಟೋ ವರ್ಷಗಳಾದವು.

ಹೊಗೆಯನ್ನು ಅತಿ ಹೆಚ್ಚಾಗಿ ಉಣ್ಣುವವರು ಕಾರಿನೊಳಗೆ ಗಾಜು ಏರಿಸಿ ಕುಳಿತವರಲ್ಲ. ಸಿಗ್ನಲ್ಲಿನಲ್ಲಿ ನಿಂತ ಪೊಲೀಸನು, ರಸ್ತೆಯಂಚಿನಲ್ಲಿ ತರಕಾರಿ ಮಾರುವವಳು, ರಿಕ್ಷಾ ಚಾಲಕನು, ಬಸ್ಸಿಗಾಗಿ ಕಾಯುವ ಮುದುಕನು ಹಾಗೂ ಆತನ ಕೈಹಿಡಿದ ಮೊಮ್ಮಗು ಇವರೇ ಅದನ್ನು ಉಸಿರಾಡುವವರು. ಮಗುವಿನ ಮೂಗು ಹೊಗೆಕೊಳವೆಯ ಮಟ್ಟಕ್ಕೆ ಹತ್ತಿರವಿರುತ್ತದೆ. ಅದರ ಶ್ವಾಸಕೋಶವಿನ್ನೂ ಬೆಳೆಯುತ್ತಿರುತ್ತದೆ. ವಿದ್ಯುತ್ ವಾಹನಕ್ಕೆ ಹೊಗೆಕೊಳವೆಯೇ ಇಲ್ಲದಿರುವುದರಿಂದ ಅದರ ಮೊದಲ ಉಪಕಾರ ಸಲ್ಲುವುದು ವಾಹನವಿಲ್ಲದ ಈ ಜನರಿಗೆ. ದಿನವಿಡೀ ನಗರವನ್ನು ಸುತ್ತುವ ಬಸ್ಸು, ರಿಕ್ಷಾ, ಸಾಮಾನು ಸಾಗಿಸುವ ವ್ಯಾನುಗಳು ಮೊದಲು ವಿದ್ಯುತ್ತಿಗೆ ತಿರುಗುವುದು ಇದೇ ಕಾರಣದಿಂದ ಹೆಚ್ಚು ಹಿತಕರ.

ತೀರದ ಲೆಕ್ಕ

ಇಷ್ಟನ್ನು ಹೇಳಿ ನಿಲ್ಲಿಸಿದರೆ ಅದು ಅರ್ಧಸತ್ಯವಾದೀತು. ವಿದ್ಯುತ್ ವಾಹನವು ಹೊಗೆಯನ್ನು ತಾನು ಬಿಡುವುದಿಲ್ಲ. ಆದರೆ ಅದರ ಹೊಟ್ಟೆಗೆ ಬೀಳುವ ವಿದ್ಯುತ್ತು ಎಲ್ಲಿಂದ ಬರುತ್ತದೆ? ಭಾರತದಲ್ಲಿ ಉತ್ಪಾದನೆಯಾಗುವ ವಿದ್ಯುತ್ತಿನಲ್ಲಿ ಹತ್ತರಲ್ಲಿ ಸುಮಾರು ಏಳು ಪಾಲು ಕಲ್ಲಿದ್ದಲಿನಿಂದ ಬರುತ್ತದೆ. ನಗರದ ಹೊಗೆ ಕಡಿಮೆಯಾಗಿ ರಾಯಚೂರಿನ ಶಕ್ತಿನಗರದಂತಹ ಊರುಗಳ ಬೂದಿ ಹೆಚ್ಚಾದರೆ ಅದು ಪರಿಹಾರವೆನಿಸದು, ಸ್ಥಳಾಂತರವಾದೀತು. ಪೆಟ್ರೋಲ್ ಇಂಜಿನ್ನು ತಾನು ಉರಿಸಿದ ಇಂಧನದ ಸುಮಾರು ಕಾಲು ಪಾಲನ್ನು ಮಾತ್ರ ಚಕ್ರಕ್ಕೆ ಮುಟ್ಟಿಸಿ ಉಳಿದುದನ್ನು ಬಿಸಿಯಾಗಿ ಕಳೆದರೆ, ವಿದ್ಯುತ್ ಮೋಟಾರು ಬ್ಯಾಟರಿಯ ಶಕ್ತಿಯ ಮುಕ್ಕಾಲಿಗಿಂತ ಹೆಚ್ಚನ್ನು ಚಕ್ರಕ್ಕೆ ಮುಟ್ಟಿಸುತ್ತದೆ ಎಂಬುದು ನಿಜ. ಆದರೂ ಪೂರ್ಣ ಲಾಭ ದೊರೆಯುವುದು ತುಮಕೂರು ಜಿಲ್ಲೆಯ ಪಾವಗಡದ 2,050 ಮೆಗಾವಾಟಿನ ಸೌರ ಸ್ಥಾವರದಂತಹ ಮೂಲಗಳಿಂದ ವಿದ್ಯುತ್ತು ಬಂದಾಗಲೇ. ಬರದಿಂದ ಬೆಂದ ನೆಲವೊಂದು ಬಿಸಿಲನ್ನೇ ಬೆಳೆಯಾಗಿ ಮಾಡಿಕೊಂಡ ಆ ದೃಷ್ಟಾಂತ ಮನನೀಯವಾದುದು.

ಟಯರು ಸವೆದು ಏಳುವ ಧೂಳು ಮತ್ತು ರಸ್ತೆಯ ಧೂಳು ವಿದ್ಯುತ್ ವಾಹನದಿಂದಲೂ ತಪ್ಪುವುದಿಲ್ಲ. ಬ್ರೇಕಿನ ಧೂಳು ಮಾತ್ರ ಕಡಿಮೆಯಾಗುತ್ತದೆ. ವೇಗ ತಗ್ಗುವಾಗ ಮೋಟಾರೇ ಬಂಡಿಯನ್ನು ಹಿಡಿದು ನಿಲ್ಲಿಸಿ ಆ ಶಕ್ತಿಯನ್ನು ಬ್ಯಾಟರಿಗೆ ಮರಳಿಸುತ್ತದೆ. ಇನ್ನೊಂದು ಸಂಗತಿ ಸೀಸ. ಅಗ್ಗದ ಇ-ರಿಕ್ಷಾಗಳಲ್ಲಿ ಹಲವು ಇಂದಿಗೂ ಸೀಸದ ಬ್ಯಾಟರಿಯಿಂದಲೇ ಓಡುತ್ತವೆ. ಹಳೆಯ ಬ್ಯಾಟರಿಯನ್ನು ಹಿತ್ತಿಲ ಕುಲುಮೆಯಲ್ಲಿ ಕರಗಿಸುವಲ್ಲಿ ಸೀಸದ ಹೊಗೆ ಹರಡಿ ಸುತ್ತಲಿನ ಮಕ್ಕಳ ರಕ್ತವನ್ನು ಸೇರುತ್ತದೆ. ಮಗುವಿನ ಬುದ್ಧಿಯ ಬೆಳವಣಿಗೆಗೆ ಸೀಸದಷ್ಟು ಶತ್ರುವಾದ ಲೋಹ ವಿರಳ. ಜಗತ್ತಿನ ಮಕ್ಕಳಲ್ಲಿ ಮೂವರಿಗೊಬ್ಬರ ರಕ್ತದಲ್ಲಿ ಸೀಸವು ಅಪಾಯದ ಮಟ್ಟದಲ್ಲಿದೆಯೆಂದು ಯುನಿಸೆಫ್ 2020ರಲ್ಲಿ ಎಚ್ಚರಿಸಿತು. 2022ರಲ್ಲಿ ಜಾರಿಗೆ ಬಂದ ಬ್ಯಾಟರಿ ತ್ಯಾಜ್ಯ ನಿಯಮಗಳು ಹಳೆಯ ಬ್ಯಾಟರಿಯನ್ನು ಹಿಂದಕ್ಕೆ ಪಡೆಯುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಅದನ್ನು ಗುಜರಿಯವನಿಗೆ ಮಾರದೆ ತಯಾರಕರ ವ್ಯವಸ್ಥೆಗೆ ಒಪ್ಪಿಸುವ ಹೊಣೆ ಬಳಕೆದಾರನದು.

ಮೌನವೂ ಒಂದು ಸಮಸ್ಯೆಯಾದೀತೆಂದು ಹಿಂದೆ ಯಾರೂ ಭಾವಿಸಿರಲಿಲ್ಲ. ನಿಧಾನವಾಗಿ ಬರುವ ವಿದ್ಯುತ್ ವಾಹನದ ಸದ್ದು ವೃದ್ಧರಿಗೂ ಅಂಧರಿಗೂ ಕೇಳಿಸುವುದಿಲ್ಲ. ಆದ್ದರಿಂದ ಯುರೋಪಿನಲ್ಲಿ 2019ರಿಂದ ಹೊಸ ಮಾದರಿಯ ವಿದ್ಯುತ್ ಕಾರುಗಳು ಕಡಿಮೆ ವೇಗದಲ್ಲಿ ಕೃತಕವಾದ ಸದ್ದನ್ನು ಮಾಡಲೇಬೇಕೆಂಬ ನಿಯಮವಿದೆ. ಗದ್ದಲದಿಂದ ರಕ್ತದೊತ್ತಡ ಏರುವ ನಗರದಲ್ಲಿ ಮೌನವು ವರವೇ ಹೌದು. ಆದರೆ ರಸ್ತೆ ದಾಟುವವರು ಕಿವಿಯನ್ನೇ ನಂಬದೆ ಕಣ್ಣನ್ನೂ ಬಳಸಬೇಕು.

ಯಂತ್ರಕ್ಕೆ ಬುದ್ಧಿ ಬರುವ ಬಗೆ

ಹೊಗೆಯ ಮಾತು ಇಷ್ಟಾಯಿತು. ಇನ್ನು ಸಮಯದ ಅಭಾವಕ್ಕೆ ಬಂದ ಸಾಧನವನ್ನು ನೋಡಬೇಕು. ‘ಕೃತಕ ಬುದ್ಧಿಮತ್ತೆ’ ಎಂಬ ಹೆಸರನ್ನಿಟ್ಟವರು ಅಮೆರಿಕದ ಗಣಿತಜ್ಞ ಜಾನ್ ಮೆಕಾರ್ಥಿ. 1956ರಲ್ಲಿ ಡಾರ್ಟ್‌ಮತ್ ಕಾಲೇಜಿನಲ್ಲಿ ನಡೆದ ಬೇಸಗೆಯ ವಿಚಾರಗೋಷ್ಠಿಯಿಂದ ಈ ಶಾಸ್ತ್ರವು ಕವಲೊಡೆಯಿತು. ಈ ಕ್ಷೇತ್ರದ ಸಾಧನೆಗಾಗಿ 1994ರ ಟ್ಯೂರಿಂಗ್ ಪ್ರಶಸ್ತಿಯನ್ನು ಪಡೆದವರಲ್ಲಿ ಒಬ್ಬರು ಆಂಧ್ರ ಮೂಲದ ರಾಜ್ ರೆಡ್ಡಿ.

ಯಂತ್ರವು ಕಲಿಯುವ ಬಗೆಯನ್ನು ತಿಳಿಯಲು ಮಗುವನ್ನು ನೆನೆಯಬಹುದು. ಇದು ಹಸು, ಇದು ಎಮ್ಮೆ ಎಂದು ಅಜ್ಜಿ ಮಗುವಿಗೆ ತೋರಿಸುತ್ತಾಳೆಯೇ ಹೊರತು ಲಕ್ಷಣಗಳ ಪಟ್ಟಿಯನ್ನು ಬಾಯಿಪಾಠ ಮಾಡಿಸುವುದಿಲ್ಲ. ಮಗು ತಪ್ಪಿದಾಗ ತಿದ್ದುತ್ತಾಳೆ. ಯಂತ್ರಕ್ಕೂ ಲಕ್ಷಾಂತರ ಉದಾಹರಣೆಗಳನ್ನು ಸರಿಯುತ್ತರದ ಸಹಿತ ತೋರಿಸುತ್ತಾರೆ. ಪ್ರತಿ ತಪ್ಪಿಗೂ ಅದರೊಳಗಿನ ಕೋಟ್ಯಂತರ ಅಂಕಿಗಳು ತುಸುತುಸುವೇ ಬದಲಾಗಿ, ಕೊನೆಗೆ ಹಿಂದೆ ಕಾಣದ ಚಿತ್ರವನ್ನೂ ಅದು ಗುರುತಿಸತೊಡಗುತ್ತದೆ. ಭೇದವೊಂದೇ. ಮಗುವಿಗೆ ಹಾಲು ಕೊಡುವ ಹಸುವಿನ ಪರಿಚಯವಾಗುತ್ತದೆ. ಯಂತ್ರಕ್ಕೆ ಪರಿಚಯವಾಗುವುದು ಚಿತ್ರದಲ್ಲಿರುವ ಬಣ್ಣ ಮತ್ತು ರೇಖೆಗಳ ವಿನ್ಯಾಸ ಮಾತ್ರ.

ಕಣ್ಣನ್ನು ನೋಡುವ ಕಣ್ಣು

ಈ ವಿದ್ಯೆಯ ಅತ್ಯುತ್ತಮ ಪ್ರಯೋಜನವೊಂದು ಭಾರತದ ನೆಲದಲ್ಲಿಯೇ ಬೆಳೆದುದು ವಿಶೇಷ. ದೇಶದಲ್ಲಿ 10 ಕೋಟಿಗೂ ಹೆಚ್ಚು ಮಂದಿಗೆ ಮಧುಮೇಹವಿದೆಯೆಂದೂ, ಇನ್ನೂ 13 ಕೋಟಿಗೂ ಹೆಚ್ಚು ಜನ ಅದರ ಹೊಸ್ತಿಲಿನಲ್ಲಿರುವರೆಂದೂ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ನಡೆದ ಸಮೀಕ್ಷೆಯು 2023ರಲ್ಲಿ ತಿಳಿಸಿತು. ಸಕ್ಕರೆಯ ಅಂಶ ಬಹುಕಾಲ ಹೆಚ್ಚಿರುವವರ ಕಣ್ಣಿನ ಹಿಂಪರದೆಯ, ಅಂದರೆ ಅಕ್ಷಿಪಟಲದ, ಸಣ್ಣ ರಕ್ತನಾಳಗಳು ಕೆಟ್ಟು ಸೋರತೊಡಗುತ್ತವೆ. ಆರಂಭದಲ್ಲಿ ನೋವಿಲ್ಲ, ದೃಷ್ಟಿಯೂ ಸರಿಯಾಗಿಯೇ ಇರುತ್ತದೆ. ಮಂಜಾಗಿ ಕಾಣತೊಡಗುವ ಹೊತ್ತಿಗೆ ಹಾನಿ ಬಹಳ ಮುಂದುವರಿದಿರುತ್ತದೆ. ವರ್ಷಕ್ಕೊಮ್ಮೆ ಅಕ್ಷಿಪಟಲವನ್ನು ಪರೀಕ್ಷಿಸಿದರೆ ಈ ಕುರುಡನ್ನು ಬಹುಮಟ್ಟಿಗೆ ತಡೆಯಬಹುದು. ಆದರೆ ಇಷ್ಟು ಕೋಟಿ ಕಣ್ಣುಗಳನ್ನು ನೋಡುವಷ್ಟು ನೇತ್ರತಜ್ಞರೆಲ್ಲಿದ್ದಾರೆ?

2016ರಲ್ಲಿ ಗೂಗಲ್ ಸಂಸ್ಥೆಯ ಸಂಶೋಧಕರು ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಒಂದು ಲೇಖನವನ್ನು ಪ್ರಕಟಿಸಿದರು. ಯಂತ್ರಕ್ಕೆ ಕಲಿಸಲು ಅವರು ಬಳಸಿದ ಅಕ್ಷಿಪಟಲದ ಚಿತ್ರಗಳು 1,28,175. ಅವುಗಳಲ್ಲಿ ಅಮೆರಿಕದ ಚಿತ್ರಗಳೊಂದಿಗೆ ಭಾರತದ ಮೂರು ಆಸ್ಪತ್ರೆಗಳ ಚಿತ್ರಗಳೂ ಸೇರಿದ್ದವು: ತಮಿಳುನಾಡಿನ ಅರವಿಂದ ಕಣ್ಣಿನ ಆಸ್ಪತ್ರೆ, ಚೆನ್ನೈಯ ಶಂಕರ ನೇತ್ರಾಲಯ, ಬೆಂಗಳೂರಿನ ನಾರಾಯಣ ನೇತ್ರಾಲಯ. ಒಂದೊಂದು ಚಿತ್ರವನ್ನೂ 54 ನೇತ್ರವೈದ್ಯರ ತಂಡದವರು ಮೂರರಿಂದ ಏಳು ಬಾರಿ ನೋಡಿ ಉತ್ತರ ಬರೆದಿದ್ದರು. ಹೀಗೆ ಕಲಿತ ಯಂತ್ರವು ಹೊಸ ಚಿತ್ರಗಳಲ್ಲಿ ಚಿಕಿತ್ಸೆ ಬೇಕಾಗುವ ರೋಗವನ್ನು ನೂರಕ್ಕೆ ತೊಂಬತ್ತಕ್ಕೂ ಮಿಕ್ಕಿ ಸರಿಯಾಗಿ ಗುರುತಿಸಿತು. ಎರಡು ವರ್ಷಗಳಲ್ಲಿ, ಅಂದರೆ 2018ರಲ್ಲಿ, ಇಂತಹದೇ ಬೇರೊಂದು ಯಂತ್ರಕ್ಕೆ ತಜ್ಞರ ನೆರವಿಲ್ಲದೆ ಪರೀಕ್ಷಿಸುವ ಅನುಮತಿ ಅಮೆರಿಕದಲ್ಲಿ ದೊರೆಯಿತು.

ಪ್ರಯೋಗಶಾಲೆಯ ಈ ಜಯವು ಬಡವರ ಚಿಕಿತ್ಸಾಲಯಕ್ಕೆ ಬಂದಾಗ ಏನಾಯಿತೆಂಬುದನ್ನು ಥಾಯ್ಲೆಂಡಿನ ಅನುಭವ ತೋರಿಸಿತು. ಅಲ್ಲಿನ 11 ಚಿಕಿತ್ಸಾಲಯಗಳಲ್ಲಿ ನಡೆದ ಅಧ್ಯಯನದ ವರದಿ 2020ರಲ್ಲಿ ಹೊರಬಂದಿತು. ದಾದಿಯರು ತೆಗೆದ 1,838 ಚಿತ್ರಗಳಲ್ಲಿ ನೂರಕ್ಕೆ 21ರಷ್ಟನ್ನು ಯಂತ್ರವು ಸ್ಪಷ್ಟವಾಗಿಲ್ಲವೆಂದು ನಿರಾಕರಿಸಿತು. ಕೋಣೆಯಲ್ಲಿ ಸಾಕಷ್ಟು ಕತ್ತಲಿಲ್ಲದಿರುವುದು ಒಂದು ಕಾರಣವಾಗಿತ್ತು. ಹಾಗೆ ನಿರಾಕೃತರಾದವರು ಇನ್ನೊಂದು ದಿನ ಇನ್ನೊಂದು ಊರಿನ ತಜ್ಞರ ಬಳಿಗೆ ಹೋಗಬೇಕಾಗಿತ್ತು. ಅಂದಿನ ಕೂಲಿಯನ್ನು ಬಿಟ್ಟು ಬರುವವನಿಗೆ ಅದು ಸುಲಭವೇ? ಯಂತ್ರದ ಲೆಕ್ಕದಲ್ಲಿ ತಪ್ಪಿರಲಿಲ್ಲ. ರೋಗಿಯ ಮನೆಯಿಂದ ಆಸ್ಪತ್ರೆಯವರೆಗಿನ ದಾರಿಯು ಆ ಲೆಕ್ಕದಲ್ಲಿ ಸೇರಿರಲಿಲ್ಲ.

ಗುರುತಿಸುವುದು ಬೇರೆ, ಗುಣಪಡಿಸುವುದು ಬೇರೆ

ಕ್ಷಯರೋಗದ ವಿಷಯದಲ್ಲಿಯೂ ಇದೇ ಮಾತು. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ನಾಲ್ಕರಲ್ಲಿ ಒಂದು ಪಾಲು ಭಾರತದವರು. ಎದೆಯ ಎಕ್ಸ್-ರೇ ಚಿತ್ರವನ್ನು ಓದಿ ಸಂದೇಹವನ್ನು ಸೂಚಿಸುವ ಗಣಕಯಂತ್ರಗಳನ್ನು 15 ವರ್ಷ ಮೀರಿದವರಿಗೆ ಬಳಸಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಒಪ್ಪಿತು. ಕೈಯಲ್ಲಿ ಹಿಡಿಯುವಷ್ಟು ಸಣ್ಣ ಎಕ್ಸ್-ರೇ ಯಂತ್ರದೊಂದಿಗೆ ಇದನ್ನು ಚಾಳು, ಕೊಳಚೆಗೇರಿಗಳ ಬಾಗಿಲಿಗೇ ಒಯ್ಯಬಹುದಾಗಿದೆ. ಆದರೆ ಚಿತ್ರದ ಸಂದೇಹವನ್ನು ಕಫದ ಪರೀಕ್ಷೆ ದೃಢಪಡಿಸಬೇಕು. ಅದಕ್ಕೆ ನೆರವಾಗುವ, ಬ್ಯಾಟರಿಯಿಂದಲೂ ನಡೆಯಬಲ್ಲ ‘ಟ್ರೂನ್ಯಾಟ್’ ಎಂಬ ಪರೀಕ್ಷೆಯು ಬೆಂಗಳೂರಿನ ಪ್ರಯೋಗಾಲಯವೊಂದರಲ್ಲಿ ರೂಪುಗೊಂಡಿತೆಂಬುದು ಹೆಮ್ಮೆಯ ಸಂಗತಿ. ಅದಾದ ಬಳಿಕ ರೋಗಿಯು ತಿಂಗಳುಗಟ್ಟಲೆ ಔಷಧವನ್ನು ತಪ್ಪದೆ ಸೇವಿಸಬೇಕು, ಹೊಟ್ಟೆ ತುಂಬ ಉಣ್ಣಬೇಕು. ಈ ದೀರ್ಘ ಕಾಲದಲ್ಲಿ ಅವನ ಕೈಹಿಡಿಯುವವರು ಮನೆಯವರೂ ಆರೋಗ್ಯ ಕಾರ್ಯಕರ್ತೆಯರೂ ಆಗಿದ್ದಾರೆಯೇ ಹೊರತು ಯಂತ್ರವಲ್ಲ.

ತಜ್ಞರಿಗೆ ಯಂತ್ರವು ಜೊತೆಗಾರನಾದರೆ ಏನಾಗಬಹುದೆಂಬುದಕ್ಕೆ ಎರಡು ದೇಶಗಳ ಉದಾಹರಣೆಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಬೇಕು. ಸ್ವೀಡನ್ನಿನಲ್ಲಿ 80,000ಕ್ಕೂ ಹೆಚ್ಚು ಮಹಿಳೆಯರನ್ನೊಳಗೊಂಡ ಅಧ್ಯಯನದಲ್ಲಿ ಸುಮಾರು ಅರ್ಧದಷ್ಟು ಮಂದಿಯ ಸ್ತನದ ಎಕ್ಸ್-ರೇ ಪರೀಕ್ಷೆಗೆ ಯಂತ್ರದ ನೆರವನ್ನು ಪಡೆದಾಗ, ಕ್ಯಾನ್ಸರ್ ಪತ್ತೆಯಲ್ಲಿ ಯಾವ ಕೊರತೆಯೂ ಆಗದೆ ವೈದ್ಯರ ಓದುವ ಹೊರೆ ನೂರಕ್ಕೆ 44ರಷ್ಟು ತಗ್ಗಿತೆಂದು 2023ರಲ್ಲಿ ವರದಿಯಾಯಿತು. ಪೋಲೆಂಡಿನಲ್ಲಿ ಕರುಳಿನೊಳಗೆ ದರ್ಶಕವನ್ನಿಳಿಸಿ ಗಂಟುಗಳನ್ನು ಹುಡುಕುವ ಅನುಭವಿ ವೈದ್ಯರನ್ನು ಕುರಿತ ಅಧ್ಯಯನವು 2025ರಲ್ಲಿ ಪ್ರಕಟವಾಯಿತು. ಯಂತ್ರದ ನೆರವಿಗೆ ಒಗ್ಗಿದ ಬಳಿಕ ಅದಿಲ್ಲದೆ ಮಾಡಿದ ಪರೀಕ್ಷೆಗಳಲ್ಲಿ ಗಂಟು ಪತ್ತೆಯಾಗುವ ಪ್ರಮಾಣ ನೂರಕ್ಕೆ 28.4ರಿಂದ 22.4ಕ್ಕೆ ಇಳಿದಿತ್ತು. ಊರುಗೋಲು ಹಿಡಿದ ಕಾಲು ತನ್ನ ಬಲವನ್ನು ಮರೆಯತೊಡಗಿತು ಎಂದಂತಾಯಿತು. ಇದೊಂದೇ ಅಧ್ಯಯನದಿಂದ ತೀರ್ಮಾನಕ್ಕೆ ಬರುವುದು ಆತುರವಾದೀತು. ಎಚ್ಚರವಾಗಿರಲು ಮಾತ್ರ ಇದು ಸಾಕು.

ಮನೆಯೊಳಗೆ ಬಂದ ಬುದ್ಧಿ

2022ರ ನವೆಂಬರಿನಲ್ಲಿ ಸಂವಾದ ಮಾಡುವ ಯಂತ್ರಗಳು ಸಾರ್ವಜನಿಕರಿಗೆ ತೆರೆದ ಮೇಲೆ ಕೃತಕ ಬುದ್ಧಿಮತ್ತೆಯು ಆಸ್ಪತ್ರೆಯನ್ನು ಬಿಟ್ಟು ಅಡುಗೆಮನೆಯವರೆಗೂ ಬಂದಿದೆ. ಹೊರನಾಡ ಕನ್ನಡಿಗರಿಗೆ ಇದರಿಂದ ಒಂದು ವಿಶೇಷ ಪ್ರಯೋಜನವುಂಟು. ಊರಿನಿಂದ ಮಗನ ಮನೆಗೆ ಬಂದ ತಾಯಿಗೆ ಮರಾಠಿಯಾಗಲಿ ಹಿಂದಿಯಾಗಲಿ ಬಾರದು. ವೈದ್ಯರಿಗೆ ಕನ್ನಡ ಬಾರದು. ‘ಎದೆ ಹಿಂಡಿದ ಹಾಗಾಗುತ್ತದೆ’ ಎಂಬುದಕ್ಕೂ ‘ಎದೆಯುರಿ’ ಎಂಬುದಕ್ಕೂ ಇರುವ ಅಂತರವು ಕೆಲವೊಮ್ಮೆ ಜೀವ-ಮರಣದ ಅಂತರವಾಗುತ್ತದೆ. ಕೇಂದ್ರ ಸರಕಾರವು 2022ರಲ್ಲಿ ಆರಂಭಿಸಿದ ‘ಭಾಷಿಣಿ’ಯಂತಹ ವ್ಯವಸ್ಥೆಗಳು ಕನ್ನಡದ ಮಾತನ್ನು ಅನ್ಯ ಭಾಷೆಗೆ ತಿರುಗಿಸಬಲ್ಲವು. ಮಗ ಕಚೇರಿಯಲ್ಲಿರುವಾಗ ಇದು ದೊಡ್ಡ ಆಸರೆ. ಆದರೆ ಧಾರವಾಡದ ಮಾತಿಗೂ ಮಂಗಳೂರಿನ ಮಾತಿಗೂ ಇರುವ ಭೇದದಲ್ಲಿ ಯಂತ್ರವು ಎಡವಬಹುದು. ಔಷಧದ ಹೆಸರು, ಪ್ರಮಾಣ, ಹಿಂದಿನ ಅಲರ್ಜಿ ಇವುಗಳನ್ನು ಕಾಗದದ ಮೇಲೆ ಬರೆದು ಕೊಡುವುದೇ ಕ್ಷೇಮ.

ಸಂವಾದ ಯಂತ್ರವನ್ನೇ ವೈದ್ಯನೆಂದು ಭಾವಿಸುವುದು ಅಪಾಯಕರ. ಊಟದಲ್ಲಿ ಉಪ್ಪನ್ನು ಬಿಡಬೇಕೆಂದಿದ್ದ ಅಮೆರಿಕದ 60 ವರ್ಷದ ಗೃಹಸ್ಥರೊಬ್ಬರು ಇಂತಹ ಯಂತ್ರವನ್ನು ವಿಚಾರಿಸಿದ ಬಳಿಕ ಉಪ್ಪಿಗೆ ಬದಲಾಗಿ ಸೋಡಿಯಂ ಬ್ರೋಮೈಡನ್ನು ಮೂರು ತಿಂಗಳು ಸೇವಿಸಿ, ಭ್ರಮೆಗೊಳಗಾಗಿ ಆಸ್ಪತ್ರೆ ಸೇರಿದ ಪ್ರಸಂಗವು 2025ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ವರದಿಯಾಗಿದೆ. ಯಂತ್ರವು ವಾಕ್ಯವನ್ನು ಸೊಗಸಾಗಿ ಕಟ್ಟುತ್ತದೆ. ತಪ್ಪನ್ನೂ ಅಷ್ಟೇ ಧೈರ್ಯದಿಂದ ಹೇಳುತ್ತದೆ. ನಾಡಿ ಹಿಡಿದು, ನಾಲಗೆ ನೋಡಿ, ‘ಏನಮ್ಮಾ, ನಿದ್ದೆ ಸರಿಯಾಗಿ ಬರುತ್ತದೆಯೇ?’ ಎಂದು ತಾನಾಗಿ ಕೇಳುವ ವೈದ್ಯರ ಜಾಗವನ್ನು ಅದು ತುಂಬಲಾರದು.

ಇದೇ ವಿದ್ಯೆಯನ್ನು ಬಳಸಿ ಮಗನ ಅಥವಾ ಮೊಮ್ಮಗಳ ಧ್ವನಿಯನ್ನೇ ಅನುಕರಿಸಿ ವೃದ್ಧರಿಂದ ಹಣ ಕೀಳುವ ವಂಚಕರೂ ಹುಟ್ಟಿಕೊಂಡಿದ್ದಾರೆ. ಹಣದ ನಷ್ಟಕ್ಕಿಂತ ಮಿಗಿಲಾಗಿ ಒಂಟಿಯಾಗಿರುವ ಹಿರಿಯರಿಗೆ ಇದರಿಂದಾಗುವ ಆಘಾತ, ರಕ್ತದೊತ್ತಡ ಮತ್ತು ನಿದ್ರಾನಾಶ ಗಮನಾರ್ಹ. ಇಂತಹ ಕರೆ ಬಂದರೆ ಫೋನನ್ನು ಇಟ್ಟು, ತಮಗೆ ತಿಳಿದಿರುವ ಸಂಖ್ಯೆಗೆ ತಾವೇ ಕರೆಮಾಡಿ ವಿಚಾರಿಸಬೇಕು. ವಂಚನೆ ನಡೆದಿದ್ದರೆ 1930 ಎಂಬ ರಾಷ್ಟ್ರೀಯ ಸಹಾಯವಾಣಿಗೆ ತಡಮಾಡದೆ ತಿಳಿಸಬೇಕು.

ಇಲ್ಲಿ ಎರಡು ಸಾಧನಗಳ ನಂಟೂ ಹೊಳೆಯುತ್ತದೆ. ಕೃತಕ ಬುದ್ಧಿಮತ್ತೆಯೂ ವಿದ್ಯುತ್ತನ್ನೇ ಉಣ್ಣುತ್ತದೆ. ಜಗತ್ತಿನ ದತ್ತಾಂಶ ಕೇಂದ್ರಗಳು 2024ರಲ್ಲಿ ಒಟ್ಟು ವಿದ್ಯುತ್ತಿನ ಸುಮಾರು ಒಂದೂವರೆ ಶೇಕಡಾ ಪಾಲನ್ನು ಬಳಸಿದುವೆಂದೂ, ಈ ಬಳಕೆ 2030ರೊಳಗೆ ಇಮ್ಮಡಿಗಿಂತ ಹೆಚ್ಚಾದೀತೆಂದೂ ಅಂತರರಾಷ್ಟ್ರೀಯ ಶಕ್ತಿ ಸಂಸ್ಥೆಯು ಅಂದಾಜು ಮಾಡಿದೆ. ಬಂಡಿಯನ್ನು ಓಡಿಸುವುದಕ್ಕೂ ಯಂತ್ರಕ್ಕೆ ಯೋಚಿಸುವುದಕ್ಕೂ ಒಂದೇ ತಂತಿಯಿಂದ ಶಕ್ತಿ ಬರುತ್ತದೆಯಾದ್ದರಿಂದ, ಆ ತಂತಿಯ ಇನ್ನೊಂದು ತುದಿಯಲ್ಲಿ ಕಲ್ಲಿದ್ದಲಿದೆಯೇ, ನೀರು ಬಿಸಿಲು ಗಾಳಿಗಳಿವೆಯೇ ಎಂಬುದೇ ಎರಡರ ಒಳಿತನ್ನೂ ನಿರ್ಣಯಿಸುತ್ತದೆ.

ಗಮನದಲ್ಲಿಡಬೇಕಾದ ಕೆಲವು ಸಂಗತಿಗಳು

1. ವಿದ್ಯುತ್ ಸ್ಕೂಟರನ್ನು ತಯಾರಕರು ಕೊಟ್ಟ ಚಾರ್ಜರಿನಿಂದಲೇ ಚಾರ್ಜ್ ಮಾಡಬೇಕು. ಓಡಿಸಿ ತಂದ ಕೂಡಲೇ, ಬ್ಯಾಟರಿ ಬಿಸಿಯಿರುವಾಗ ಮಾಡಬಾರದು. ಮನೆಯ ಹೊರಬಾಗಿಲು ಅಥವಾ ಮೆಟ್ಟಿಲಿನ ಕೆಳಗೆ ಚಾರ್ಜಿಗಿಡಬಾರದು. ಬೆಂಕಿ ಹೊತ್ತಿದರೆ ಹೊರಬರುವ ದಾರಿಯೇ ಮುಚ್ಚಿಹೋದೀತು. 2022ರಲ್ಲಿ ಹಲವು ಸ್ಕೂಟರುಗಳು ಬೆಂಕಿಗೆ ತುತ್ತಾದ ಮೇಲೆ ಸರಕಾರವು ಬ್ಯಾಟರಿಯ ಸುರಕ್ಷತಾ ನಿಯಮಗಳನ್ನು ಬಿಗಿಗೊಳಿಸಿದೆ. ಹಳೆಯ ಬ್ಯಾಟರಿಯನ್ನು ಬೀದಿಯಂಗಡಿಯಲ್ಲಿ ಬಿಚ್ಚಿಸಿ ದುರಸ್ತಿ ಮಾಡಿಸುವುದು ಸಲ್ಲದು.

2. ಹೃದಯಕ್ಕೆ ಪೇಸ್‌ಮೇಕರ್ ಅಳವಡಿಸಿಕೊಂಡವರು ವಿದ್ಯುತ್ ಕಾರಿನಲ್ಲಿ ಕುಳಿತುಕೊಳ್ಳಲು ಅಂಜಬೇಕಾಗಿಲ್ಲ. ಜರ್ಮನಿಯಲ್ಲಿ 108 ಮಂದಿಯನ್ನು ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಯಾವ ತೊಂದರೆಯೂ ಕಂಡುಬರಲಿಲ್ಲ. ಆದರೂ ಚಾರ್ಜಿನ ಕೇಬಲನ್ನು ಎದೆಗೊತ್ತಿ ಹಿಡಿಯದಿರುವುದು ಒಳ್ಳೆಯದು.

3. ಮಧುಮೇಹಿಗಳು ದೃಷ್ಟಿ ಚೆನ್ನಾಗಿದ್ದರೂ ವರ್ಷಕ್ಕೊಮ್ಮೆ ಅಕ್ಷಿಪಟಲದ ಪರೀಕ್ಷೆ ಮಾಡಿಸಿಕೊಳ್ಳಬೇಕು. ಯಂತ್ರವು ‘ತಜ್ಞರನ್ನು ಕಾಣಿರಿ’ ಎಂದರೆ ಮುಂದಿನ ತಿಂಗಳಿಗೆ ಮುಂದೂಡಬಾರದು. ‘ಸರಿಯಿದೆ’ ಎಂದರೂ ಮರುವರ್ಷದ ಪರೀಕ್ಷೆಯನ್ನು ಬಿಡಬಾರದು.

4. ಸಂವಾದ ಯಂತ್ರದಿಂದ ರೋಗದ ವಿಷಯವನ್ನು ತಿಳಿದುಕೊಳ್ಳಬಹುದು, ವೈದ್ಯರನ್ನು ಕೇಳಬೇಕಾದ ಪ್ರಶ್ನೆಗಳನ್ನು ಸಿದ್ಧಪಡಿಸಿಕೊಳ್ಳಬಹುದು. ಔಷಧವನ್ನು ಆರಂಭಿಸುವುದು, ನಿಲ್ಲಿಸುವುದು, ಪ್ರಮಾಣ ಬದಲಿಸುವುದು ವೈದ್ಯರ ಮಾತಿನಂತೆಯೇ ಆಗಬೇಕು. ಎದೆನೋವು, ಒಂದು ಮಗ್ಗುಲಿನ ಬಲಹೀನತೆ, ಮಾತು ತೊದಲುವುದು ಇವು ಕಂಡಾಗ ಯಾವ ಯಂತ್ರವನ್ನೂ ವಿಚಾರಿಸುತ್ತ ಕೂಡಬಾರದು. ಕೂಡಲೇ ಆಸ್ಪತ್ರೆಗೆ ಧಾವಿಸಬೇಕು.

5. ಯಂತ್ರಗಳು ಉಳಿಸಿಕೊಟ್ಟ ಸಮಯದಲ್ಲಿ ಒಂದಂಶವನ್ನು ಕಾಲುಗಳಿಗೆ ಮೀಸಲಿಡಬೇಕು. ವಯಸ್ಕರು ವಾರಕ್ಕೆ 150ರಿಂದ 300 ನಿಮಿಷಗಳ ಕಾಲ ಬಿರುಸಾದ ನಡಿಗೆಯಂತಹ ವ್ಯಾಯಾಮ ಮಾಡಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಸೂಚನೆ. ಪೇಟೆಗೆ ಹಾಲು ತರಲು ಹೋಗುವುದಕ್ಕೆ ವಿದ್ಯುತ್ ಸ್ಕೂಟರೂ ಬೇಕಿಲ್ಲ.

ಕೊನೆಯ ಹೆಜ್ಜೆ

ಈ ಎರಡೂ ಸಾಧನಗಳ ಕಥೆಯಲ್ಲಿ ಒಂದೇ ಪಾಠವು ಮತ್ತೆ ಮತ್ತೆ ಎದುರಾಗುತ್ತದೆ. ವಿದ್ಯುತ್ ವಾಹನವು ಬೀದಿಯ ಹೊಗೆಯನ್ನು ತೆಗೆಯಬಲ್ಲದು. ವಿದ್ಯುತ್ತನ್ನು ಶುದ್ಧವಾಗಿಸುವ ಕೆಲಸ ಸರಕಾರ ಮತ್ತು ಸಮಾಜಗಳದು. ಯಂತ್ರವು ರೋಗವನ್ನು ಬೆರಳು ಮಾಡಿ ತೋರಿಸಬಲ್ಲದು. ರೋಗಿಯನ್ನು ಆಸ್ಪತ್ರೆಗೆ ಕರೆದೊಯ್ದು, ಮದ್ದು ಕೊಡಿಸಿ, ಪಕ್ಕದಲ್ಲಿ ಕುಳಿತು ಧೈರ್ಯ ಹೇಳುವುದು ಮನುಷ್ಯನಿಗೆ ಮಾತ್ರ ಸಾಧ್ಯ. ಬಂಧುಗಳಿಂದ ದೂರವಿರುವ ಹೊರನಾಡಿನಲ್ಲಿ ಈ ಕೊನೆಯ ಹೆಜ್ಜೆಯನ್ನು ಇಡಬೇಕಾದವರು ನೆರೆಯವರು, ಗೆಳೆಯರು ಮತ್ತು ಕನ್ನಡ ಸಂಘದಂತಹ ಸಂಸ್ಥೆಗಳು. ಸಂಘದ ವಾರ್ಷಿಕ ಆರೋಗ್ಯ ಶಿಬಿರದಲ್ಲಿ ಅಕ್ಷಿಪಟಲದ ಚಿತ್ರ ತೆಗೆಯುವ ಒಂದು ಯಂತ್ರವನ್ನಿಡಬಹುದು. ಆದರೆ ಅಲ್ಲಿ ಸಂದೇಹ ಕಂಡ ಹಿರಿಯರನ್ನು ಮರುದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಲು ಇಬ್ಬರು ಯುವಕರನ್ನೂ ಗೊತ್ತುಮಾಡಿದರೆ ಮಾತ್ರ ಆ ಯಂತ್ರದಿಂದ ಒಬ್ಬರ ಕಣ್ಣಾದರೂ ಉಳಿದೀತು.